ಪದವಿ ಕಾಲೇಜಿಗೆ ಯಾವ ದಾರಿ ಮೊದಲು: ನ್ಯಾಕ್, ಸ್ವಾಯತ್ತತೆ, ಎನ್‌ಬಿಎ, ಇಲ್ಲವೇ ನೆರೆಯ ಕಾಲೇಜುಗಳ ಕೂಟ? ಕಲ್ಯಾಣ ಕರ್ನಾಟಕಕ್ಕೊಂದು ಹೋಲಿಕೆಯ ಮಾರ್ಗದರ್ಶಿ

ಬೀದರ್‌ನಿಂದ ಹೊಸಪೇಟೆಯವರೆಗಿನ ಏಳು ಜಿಲ್ಲೆಗಳಲ್ಲಿ ಪದವಿ ಕಾಲೇಜು ನಡೆಸುವವರ ಮುಂದೆ ಇಂದು ನಾಲ್ಕು ದಾರಿಗಳಿವೆ. ಕಾಲೇಜುಗಳ ಗುಣಮಟ್ಟ ಅಳೆದು ಗ್ರೇಡ್ ಕೊಡುವ ರಾಷ್ಟ್ರೀಯ ಸಂಸ್ಥೆ ನ್ಯಾಕ್‌ನಿಂದ ಮಾನ್ಯತೆ ಪಡೆಯಬಹುದು, ಅಥವಾ ಇರುವ ಗ್ರೇಡ್ ಏರಿಸಿಕೊಳ್ಳಬಹುದು. ವಿಶ್ವವಿದ್ಯಾಲಯ ಅನುದಾನ ಆಯೋಗದಿಂದ (ಯುಜಿಸಿ) ಸ್ವಾಯತ್ತ ಸ್ಥಾನಮಾನ, ಅಂದರೆ ಪಠ್ಯ ಮತ್ತು ಪರೀಕ್ಷೆಯನ್ನು ತಾನೇ ನಡೆಸುವ ಹಕ್ಕು ಕೇಳಬಹುದು. ತಾಂತ್ರಿಕ ಕೋರ್ಸುಗಳಿದ್ದರೆ ಅವುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಬಿಎಗೆ ಹೋಗಬಹುದು. ಇಲ್ಲವೇ ಅಕ್ಕಪಕ್ಕದ ಕಾಲೇಜುಗಳ ಜೊತೆ ಸೇರಿ ಉಪನ್ಯಾಸಕರು, ಪ್ರಯೋಗಾಲಯ, ಪ್ರಶ್ನೆಬ್ಯಾಂಕ್ ಹಂಚಿಕೊಳ್ಳಬಹುದು. ನಾಲ್ಕನ್ನೂ ಒಟ್ಟಿಗೆ ಹೊರುವ ಶಕ್ತಿ ತಾಲ್ಲೂಕು ಮಟ್ಟದ ಕಾಲೇಜಿಗೆ ಇರುವುದಿಲ್ಲ. ಹೊರಲು ಹೋದಲ್ಲಿ ಉಪನ್ಯಾಸಕರು ಪಾಠ ಬಿಟ್ಟು ಕಡತ ಹಿಡಿದು ಕೂರುತ್ತಾರೆ. ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಎಂದು ತೀರ್ಮಾನಿಸಿಯೇ ಹೊರಡಬೇಕು.

ಈ ಹೋಲಿಕೆಗೆ ಇಟ್ಟುಕೊಂಡಿರುವ ಅಳತೆಗೋಲು ಒಂದೇ. ಆ ದಾರಿಯಿಂದ ತರಗತಿಯಲ್ಲಿ ನಿಜವಾಗಿ ನಡೆಯುವ ಪಾಠದ ಗಂಟೆ ಹೆಚ್ಚುತ್ತದೆಯೇ, ಪ್ರಶ್ನೆಪತ್ರಿಕೆ ಮತ್ತು ಮೌಲ್ಯಮಾಪನ ಸುಧಾರಿಸುತ್ತವೆಯೇ? ಗೋಡೆಗೆ ತೂಗುಹಾಕುವ ಪ್ರಮಾಣಪತ್ರ ಬೇರೆ, ವಿದ್ಯಾರ್ಥಿಯ ಕೈಗೆ ದಕ್ಕುವ ವಿದ್ಯೆ ಬೇರೆ. ಈ ಭಾಗದಲ್ಲಿ ಆ ವ್ಯತ್ಯಾಸಕ್ಕೆ ಹೆಚ್ಚು ತೂಕವಿದೆ. ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿತ್ತು. ಅವುಗಳಲ್ಲಿ ಅತ್ಯಂತ ಹಿಂದುಳಿದವು 39, ಆ 39ರಲ್ಲಿ 21 ಕಲಬುರಗಿ ವಿಭಾಗದವು. ಆಮೇಲೆ ಈ ಭಾಗಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಪ್ರದೇಶಾಭಿವೃದ್ಧಿ ಮಂಡಳಿ ಬಂತು, ಅನುದಾನವೂ ಬಂತು. ಕಟ್ಟಡಗಳು ಎದ್ದವು. ಆ ಕಟ್ಟಡಗಳ ಒಳಗೆ ಯಾರು ಪಾಠ ಮಾಡುತ್ತಾರೆ ಎಂಬ ಪ್ರಶ್ನೆಗೆ ಮಾತ್ರ ಇನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ.

ಮೊದಲು ಕಾರ್ಯಭಾರದ ಲೆಕ್ಕ

ಯಾವ ದಾರಿಯ ಅರ್ಜಿ ತೆರೆಯುವ ಮೊದಲೂ ಒಂದು ಹಾಳೆಯಲ್ಲಿ ಕಾರ್ಯಭಾರ, ಅಂದರೆ ವಾರಕ್ಕೆ ಎಷ್ಟು ಗಂಟೆ ಪಾಠ ಎಂಬುದನ್ನು ಬರೆಯಿರಿ. ಯುಜಿಸಿಯ 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರು ಮತ್ತು ಪ್ರಾಧ್ಯಾಪಕರು 14 ಗಂಟೆ ನೇರ ಬೋಧನೆ ಮಾಡಬೇಕು. ಒಂದು ವಿಷಯಕ್ಕೆ ವಾರಕ್ಕೆ 5 ಗಂಟೆ ಎಂದುಕೊಳ್ಳಿ. ಮೂರು ವರ್ಷದ ತರಗತಿಗಳು ಸೇರಿ 15 ಗಂಟೆಯಾಯಿತು. ಅಂದರೆ ಬಹುತೇಕ ಸಣ್ಣ ಕಾಲೇಜುಗಳಲ್ಲಿ ಒಂದು ವಿಷಯವೆಂದರೆ ಒಬ್ಬರೇ ಉಪನ್ಯಾಸಕರು. ಅವರು ಚುನಾವಣಾ ಕೆಲಸಕ್ಕೋ ಮೌಲ್ಯಮಾಪನಕ್ಕೋ ಹೆರಿಗೆ ರಜೆಗೋ ಹೋದರೆ ಇಡೀ ವಿಭಾಗಕ್ಕೇ ಬೀಗ. ಆ ಹುದ್ದೆ ಖಾಲಿಯಿದ್ದರೆ ಅತಿಥಿ ಉಪನ್ಯಾಸಕರೇ ಗತಿ. ಸರ್ಕಾರಿ ಕಾಲೇಜುಗಳಲ್ಲಿ ಅವರಿಗೆ 2022ರಲ್ಲಿ ವಾರಕ್ಕೆ 15 ಗಂಟೆಯ ಕಾರ್ಯಭಾರ ನಿಗದಿಯಾಯಿತು. ಗಂಟೆಯ ಲೆಕ್ಕದಲ್ಲಿ ಅದು ಸಾಲುತ್ತದೆ. ತೊಂದರೆ ಇರುವುದು ನೇಮಕದ ದಿನಾಂಕದಲ್ಲಿ. ಸೆಮಿಸ್ಟರ್ ಆರಂಭವಾದ ಮೇಲೆ ಕೌನ್ಸೆಲಿಂಗ್ ನಡೆದು, ಅವರು ಬಂದು ಸೇರುವ ಹೊತ್ತಿಗೆ ಮೊದಲ ಘಟಕ ಕಳೆದುಹೋಗಿರುತ್ತದೆ. 30 ಬೋಧನಾ ವಾರಗಳ ವರ್ಷದಲ್ಲಿ ಹಾಗೆ ಐದು ವಾರ ಹೋದರೆ 15 ಗಂಟೆಯ ಕಾರ್ಯಭಾರಕ್ಕೆ 75 ಗಂಟೆ ಪಾಠ ಹೋಯಿತು.

ಈ ಹಾಳೆಯಲ್ಲಿ ನಾಲ್ಕು ಅಂಕಣ ಸಾಕು: ವಿಷಯ, ವಾರದ ಒಟ್ಟು ಗಂಟೆ, ಕಾಯಂ ಉಪನ್ಯಾಸಕರು, ಕಳೆದ ವರ್ಷ ನಿಜವಾಗಿ ನಡೆದ ತರಗತಿಗಳು. ಕೊನೆಯ ಅಂಕಣವನ್ನು ವೇಳಾಪಟ್ಟಿ ನೋಡಿ ತುಂಬಬೇಡಿ, ಹಾಜರಿ ಪುಸ್ತಕ ನೋಡಿ ತುಂಬಿ. ಎರಡಕ್ಕೂ ಇರುವ ಅಂತರವೇ ನಿಮ್ಮ ಕಾಲೇಜಿನ ನಿಜವಾದ ಗ್ರೇಡ್. ಮುಂದಿನ ಆಯ್ಕೆಗೆ ಇದೇ ಆಧಾರ.

ನ್ಯಾಕ್: ಎಲ್ಲರಿಗೂ ಬೇಕು, ಆದರೆ ಯಾವುದಕ್ಕೆ ದುಡಿಯಬೇಕೆಂದು ತಿಳಿದು

1994ರಲ್ಲಿ ಹುಟ್ಟಿ ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಹೊಂದಿರುವ ನ್ಯಾಕ್ ಇಡೀ ಸಂಸ್ಥೆಯನ್ನು ಅಳೆಯುತ್ತದೆ. ಕನಿಷ್ಠ ಆರು ವರ್ಷ ನಡೆದಿರುವ ಅಥವಾ ಎರಡು ಬ್ಯಾಚ್ ಪದವಿ ಮುಗಿಸಿರುವ ಕಾಲೇಜು ಅರ್ಜಿ ಹಾಕಬಹುದು. 2017ರ ಪರಿಷ್ಕೃತ ಚೌಕಟ್ಟಿನಲ್ಲಿ ಏಳು ಮಾನದಂಡ, ಒಟ್ಟು 1,000 ಅಂಕ. ಅದರ ಹಂಚಿಕೆಯನ್ನು ಒಮ್ಮೆ ಗಮನವಿಟ್ಟು ನೋಡಿದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ವಿಶ್ವವಿದ್ಯಾಲಯದ ಪಠ್ಯ, ಪರೀಕ್ಷೆಗೆ ಒಳಪಟ್ಟ ಸಂಯೋಜಿತ ಕಾಲೇಜಿಗೆ ಎರಡನೇ ಮಾನದಂಡವಾದ ಬೋಧನೆ, ಕಲಿಕೆ ಮತ್ತು ಮೌಲ್ಯಮಾಪನಕ್ಕೆ 350 ಅಂಕ. ನಾಲ್ಕನೆಯದಾದ ಮೂಲಸೌಕರ್ಯಕ್ಕೆ 100. ಸ್ವಾಯತ್ತ ಕಾಲೇಜಿಗೆ ಬೋಧನೆಯ ಅಂಕ 300ಕ್ಕೆ ಇಳಿದು ಸಂಶೋಧನೆಯದು 150 ಆಗುತ್ತದೆ. ವಿಶ್ವವಿದ್ಯಾಲಯಕ್ಕೆ ಬೋಧನೆ 200, ಸಂಶೋಧನೆ 250.

ಹೀಗಿದ್ದೂ ಪಿಯರ್ ಟೀಮ್, ಅಂದರೆ ನ್ಯಾಕ್ ಕಳಿಸುವ ಪರಿಶೀಲನಾ ತಂಡ ಬರುತ್ತದೆಂದರೆ ಆಡಳಿತ ಮಂಡಳಿಗಳು ಮೊದಲು ದುಡ್ಡು ಸುರಿಯುವುದು ಸುಣ್ಣಬಣ್ಣ, ಸ್ವಾಗತ ಕಮಾನು, ಹೊಸ ಸೆಮಿನಾರ್ ಹಾಲ್‌ಗೆ. ಆ ತಂಡ ಕಣ್ಣಾರೆ ಕಂಡು ಅಳೆಯುವುದು ಗುಣಾತ್ಮಕ ಅಂಶಗಳನ್ನು, ಅವು ಒಟ್ಟಾರೆ ಸುಮಾರು 30%. ಉಳಿದ 70% ಪರಿಮಾಣಾತ್ಮಕ. ಅದು ತಂಡ ಬರುವ ಮೊದಲೇ ದಾಖಲೆಗಳ ಮೇಲೆ ತೀರ್ಮಾನವಾಗಿರುತ್ತದೆ. ಪರಿಮಾಣಾತ್ಮಕ ಭಾಗದಲ್ಲಿ ಕನಿಷ್ಠ 25% ಅಂಕ ಉಳಿಯದಿದ್ದರೆ ಭೇಟಿಯೇ ಇಲ್ಲ.

2017ರ ಚೌಕಟ್ಟಿನ ಹಂತಗಳು ಹೀಗಿವೆ. ಕಾಲೇಜಿಗೆ ಎಐಎಸ್‌ಎಚ್‌ಇ (ಕೇಂದ್ರದ ವಾರ್ಷಿಕ ಉನ್ನತ ಶಿಕ್ಷಣ ಸಮೀಕ್ಷೆ) ಸಂಖ್ಯೆ ಇರಬೇಕು. ಮೊದಲು ಐಐಕ್ಯೂಎ ಎಂಬ ಪ್ರಾಥಮಿಕ ಅರ್ಜಿ, ಅದಕ್ಕೆ 25,000 ರೂ. ಮತ್ತು ಜಿಎಸ್‌ಟಿ. ತಿರಸ್ಕೃತವಾದರೆ ಒಂದು ವರ್ಷದೊಳಗೆ ಒಟ್ಟು ಮೂರು ಬಾರಿ ಪ್ರಯತ್ನಿಸಬಹುದು. ಅದು ಒಪ್ಪಿಗೆಯಾದ 45 ದಿನದೊಳಗೆ ಸ್ವಯಂ ಅಧ್ಯಯನ ವರದಿ, ಅಂದರೆ ಎಸ್‌ಎಸ್‌ಆರ್ ಸಲ್ಲಿಸಬೇಕು. 45 ದಿನದಲ್ಲಿ ಐದು ವರ್ಷದ ದಾಖಲೆ ಹೊಂದಿಸಲು ಆಗುವುದಿಲ್ಲ. ಎಸ್‌ಎಸ್‌ಆರ್ ಕರಡು ಪೂರ್ತಿ ಸಿದ್ಧವಾದ ಮೇಲೆಯೇ ಐಐಕ್ಯೂಎ ಹಾಕಿ. ಆಮೇಲೆ ಡಿವಿವಿ ಎಂಬ ದತ್ತಾಂಶ ಪರಿಶೀಲನೆ, ಜೊತೆಗೆ ವಿದ್ಯಾರ್ಥಿ ಸಂತೃಪ್ತಿ ಸಮೀಕ್ಷೆ, ಕೊನೆಗೆ ಪಿಯರ್ ಟೀಮ್.

ಅಂಕ ಸೋರುವುದು ಬಹುಪಾಲು ಡಿವಿವಿಯಲ್ಲಿ. ಎಐಎಸ್‌ಎಚ್‌ಇಗೆ ಕೊಟ್ಟ ವಿದ್ಯಾರ್ಥಿ ಸಂಖ್ಯೆ ಒಂದು, ರಾಜ್ಯದ ವಿಶ್ವವಿದ್ಯಾಲಯ–ಕಾಲೇಜುಗಳ ಆನ್‌ಲೈನ್ ವ್ಯವಸ್ಥೆ ಯುಯುಸಿಎಂಎಸ್‌ನಲ್ಲಿ ಇನ್ನೊಂದು, ಎಸ್‌ಎಸ್‌ಆರ್‌ನಲ್ಲಿ ಮತ್ತೊಂದು: ಇಂಥ ಕಾಲೇಜಿನ ಮಿಕ್ಕ ಅಂಕಿಗಳನ್ನೂ ಪರಿಶೀಲಕರು ಅನುಮಾನದಿಂದಲೇ ನೋಡುತ್ತಾರೆ. ಕನ್ನಡದಲ್ಲಿರುವ ಆದೇಶ, ನಡಾವಳಿ, ಪತ್ರಿಕಾ ವರದಿಗಳಿಗೆ ಪ್ರಾಂಶುಪಾಲರ ಸಹಿ ಇರುವ ಇಂಗ್ಲಿಷ್ ಅನುವಾದ ಲಗತ್ತಿಸದಿದ್ದರೆ ಅವು ಲೆಕ್ಕಕ್ಕೇ ಬರುವುದಿಲ್ಲ. ಈ ಭಾಗದ ಸರ್ಕಾರಿ ಕಾಲೇಜುಗಳ ಕಡತ ಪೂರ್ತಿ ಕನ್ನಡದಲ್ಲಿರುವುದರಿಂದ ಇದಕ್ಕೆ ಮೊದಲೇ ಒಬ್ಬರನ್ನು ಗೊತ್ತುಮಾಡಿ. ಸರ್ಟಿಫಿಕೇಟ್ ಕೋರ್ಸುಗಳು 30 ಗಂಟೆಗೆ ಕಡಿಮೆಯಿದ್ದರೆ ಎಣಿಕೆಯಿಲ್ಲ. ಎರಡು ದಿನದ ಕಾರ್ಯಾಗಾರಕ್ಕೆ ಕೋರ್ಸ್ ಎಂದು ಹೆಸರಿಟ್ಟು ತೋರಿಸಿದವರ ಆ ಅಂಶ ಸೊನ್ನೆಗೆ ಬರುತ್ತದೆ. ಪೂರ್ಣಾವಧಿ ಶಿಕ್ಷಕರೆಂದರೆ ಇಡೀ ಶೈಕ್ಷಣಿಕ ವರ್ಷದಲ್ಲಿ ನಿಗದಿತ ಕೆಲಸದ ಅವಧಿಯ ಕನಿಷ್ಠ 90% ದುಡಿದವರು ಎಂಬುದು ನ್ಯಾಕ್ ವ್ಯಾಖ್ಯೆ. ಸೆಮಿಸ್ಟರ್ ನಡುವೆ ಸೇರಿ ಪರೀಕ್ಷೆಗೆ ಮೊದಲು ಬಿಡುಗಡೆಯಾಗುವ ಅತಿಥಿ ಉಪನ್ಯಾಸಕರು 'ಇಡೀ ವರ್ಷ' ಎಂಬ ಮಾತಿನಲ್ಲೇ ಹೊರಗುಳಿಯುತ್ತಾರೆ. ಆಗ ಶಿಕ್ಷಕ–ವಿದ್ಯಾರ್ಥಿ ಅನುಪಾತ ಕುಸಿಯುತ್ತದೆ, ಪಿಎಚ್‌ಡಿ, ನೆಟ್ ಅರ್ಹತೆಯುಳ್ಳ ಶಿಕ್ಷಕರ ಶೇಕಡಾವಾರು ಕೂಡ ಅದರ ಹಿಂದೆಯೇ.

ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ವಿಷಯ ಮಂಜೂರಾದ ಪ್ರವೇಶ ಮಿತಿ. ಬಿಎಗೆ 120 ಸೀಟು ಮಂಜೂರು ಮಾಡಿಸಿಕೊಂಡು 45 ಮಂದಿಯನ್ನು ಸೇರಿಸಿಕೊಂಡರೆ ದಾಖಲಾತಿ ಪ್ರಮಾಣ 37.5%. ಮಿತಿಯನ್ನು 60ಕ್ಕೆ ಇಳಿಸಿಕೊಂಡರೆ ಅದೇ 45 ಮಂದಿಗೆ 75%. ಸಂಯೋಜನೆ ನವೀಕರಣದ ಹೊತ್ತಿನಲ್ಲಿ ವಿಶ್ವವಿದ್ಯಾಲಯಕ್ಕೆ ಬರೆದು ಮಿತಿ ತಗ್ಗಿಸುವುದು ನ್ಯಾಯವಾದ ಕ್ರಮವೇ ಹೌದು. ಆದರೆ ಲೆಕ್ಕ ಐದು ವರ್ಷದ್ದಾದ್ದರಿಂದ ಅದನ್ನು ಮೊದಲ ವರ್ಷವೇ ಮಾಡಬೇಕು. ಸಂತೃಪ್ತಿ ಸಮೀಕ್ಷೆಗೆ ವಿದ್ಯಾರ್ಥಿಗಳ 10% ಅಥವಾ 100, ಯಾವುದು ಕಡಿಮೆಯೋ ಅಷ್ಟು ಉತ್ತರ ಬರಲೇಬೇಕು. ವಿದ್ಯಾರ್ಥಿಗಳ ಇಮೇಲ್ ವಿಳಾಸ ತಪ್ಪಿದ್ದರೆ ಅದೂ ಬರುವುದಿಲ್ಲ. ಪ್ರವೇಶದ ದಿನ ಸೈಬರ್ ಸೆಂಟರಿನವರು ತಮ್ಮದೇ ಇಮೇಲ್ ಹಾಕಿ ಅರ್ಜಿ ತುಂಬುವ ಪದ್ಧತಿ ಎಲ್ಲೆಡೆ ಇದೆ. ಮೊದಲ ವಾರದಲ್ಲೇ ತಿದ್ದಿಸಿ.

ಅಂಕಗಳನ್ನು 4ರ ಮಾಪನಕ್ಕೆ ಇಳಿಸಿ ಕೊಡುವ ಗ್ರೇಡಿನ ಮೆಟ್ಟಿಲು: 1.51ರಿಂದ 2.00 ಸಿ, 2.01ರಿಂದ 2.50 ಬಿ, 2.51ರಿಂದ 2.75 ಬಿ+, 2.76ರಿಂದ 3.00 ಬಿ++, 3.01ರಿಂದ 3.25 ಎ, ಅಲ್ಲಿಂದ 3.50ರವರೆಗೆ ಎ+, ಮೇಲೆ ಎ++. ಮಾನ್ಯತೆ ಐದು ವರ್ಷ. ಗ್ರೇಡ್ ತೆಗೆದು 'ಮಾನ್ಯತೆ ಇದೆ' ಅಥವಾ 'ಇಲ್ಲ' ಎಂಬ ಎರಡೇ ಫಲಿತಾಂಶ, ಅದರ ಮೇಲೆ 1ರಿಂದ 5ರವರೆಗೆ ಪಕ್ವತೆಯ ಹಂತ ಎಂಬ ಸುಧಾರಣೆಯನ್ನು ನ್ಯಾಕ್ 2024ರ ಜನವರಿಯಲ್ಲಿ ಪ್ರಕಟಿಸಿತು, ಇಸ್ರೊ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ಸಮಿತಿಯ ಶಿಫಾರಸು ಅದಕ್ಕೆ ಆಧಾರ. ಅರ್ಜಿ ಹಾಕುವ ದಿನ ಯಾವ ಕೈಪಿಡಿ ಜಾರಿಯಲ್ಲಿದೆ ಎಂದು ನೋಡಿಯೇ ಹೊರಡಿ. ಯಾವ ಚೌಕಟ್ಟು ಬಂದರೂ ಬೋಧನೆಯ ದಾಖಲೆ ವ್ಯರ್ಥವಾಗುವುದಿಲ್ಲ: ಪಾಠಯೋಜನೆ, ನಡೆದ ತರಗತಿ, ಆಂತರಿಕ ಪರೀಕ್ಷೆಯ ಉತ್ತರಪತ್ರಿಕೆ, ಕಲಿಕೆಯಲ್ಲಿ ಹಿಂದುಳಿದವರಿಗೆ ನಡೆಸಿದ ಪರಿಹಾರ ಬೋಧನೆ.

ನ್ಯಾಕ್ ತಾನಾಗಿ ಪಾಠ ಸುಧಾರಿಸುವುದಿಲ್ಲ. ಆದರೆ ಐಕ್ಯೂಎಸಿ ಎಂಬ ಕಾಲೇಜಿನ ಆಂತರಿಕ ಗುಣಮಟ್ಟ ಕೋಶ ಜೀವಂತವಾಗಿದ್ದು, ಎಕ್ಯೂಎಆರ್ ಎಂಬ ವಾರ್ಷಿಕ ಗುಣಮಟ್ಟ ವರದಿಯನ್ನು ಆ ವರ್ಷವೇ ಬರೆದರೆ, ಕಾಲೇಜು ತನ್ನನ್ನು ತಾನು ನೋಡಿಕೊಳ್ಳುವ ಅಭ್ಯಾಸ ಹುಟ್ಟುತ್ತದೆ. ಐದು ವರ್ಷದ್ದನ್ನು ಐದನೇ ವರ್ಷ ಕೂತು ಬರೆದರೆ ಹುಟ್ಟುವುದು ಕಾಗದ ಮಾತ್ರ. ಐಕ್ಯೂಎಸಿ ಸಂಯೋಜಕರಿಗೆ ವಾರಕ್ಕೆ ಕನಿಷ್ಠ ನಾಲ್ಕು ಗಂಟೆ ಪಾಠ ಕಡಿಮೆ ಮಾಡಿ, ಆ ಗಂಟೆಗಳನ್ನು ಯಾರು ತೆಗೆದುಕೊಳ್ಳುತ್ತಾರೆಂದು ವೇಳಾಪಟ್ಟಿಯಲ್ಲೇ ಬರೆಯಿರಿ.

ಸ್ವಾಯತ್ತತೆ: ಪಠ್ಯ ನಿಮ್ಮದು, ಪರೀಕ್ಷೆಯ ಹೊರೆಯೂ ನಿಮ್ಮದೇ

ಸ್ವಾಯತ್ತತೆ ಕೇಳುವವರ ಮಾತಿನಲ್ಲಿ ಮೊದಲು ಬರುವುದು ಪಠ್ಯಕ್ರಮದ ಸ್ವಾತಂತ್ರ್ಯ. ಆದರೆ ಬಹುತೇಕರನ್ನು ಆ ಕಡೆಗೆ ತಳ್ಳುವುದು ಫಲಿತಾಂಶದ ವಿಳಂಬ. ಆರನೇ ಸೆಮಿಸ್ಟರ್ ಅಂಕಪಟ್ಟಿ ತಡವಾದರೆ ಬಿ.ಇಡಿ, ಎಂಎ ಪ್ರವೇಶ ತಪ್ಪುತ್ತದೆ. ಒಂದು ವರ್ಷ ಮನೆಯಲ್ಲಿ ಕೂತ ಹುಡುಗಿಗೆ ಆಮೇಲೆ ಓದು ಮುಂದುವರಿಯುವುದು ಅನೇಕ ಊರುಗಳಲ್ಲಿ ಕಷ್ಟ. ಈ ಸಂಕಟ ನಿಜವಾದದ್ದು, ಸ್ವಾಯತ್ತತೆ ಅದಕ್ಕೆ ಉತ್ತರ ಕೊಡಬಲ್ಲದು.

ಯುಜಿಸಿಯ 2023ರ ನಿಯಮಾವಳಿಯಂತೆ ಕಾಲೇಜಿಗೆ ಹತ್ತು ವರ್ಷ ತುಂಬಿರಬೇಕು. ನ್ಯಾಕ್‌ನಲ್ಲಿ ಕನಿಷ್ಠ ಎ ಗ್ರೇಡ್ ಇರಬೇಕು, ಅಥವಾ ಎನ್‌ಬಿಎಯಲ್ಲಿ ಕನಿಷ್ಠ ಮೂರು ಕೋರ್ಸುಗಳಿಗೆ ತಲಾ 675 ಅಂಕ ಬಂದಿರಬೇಕು. ಅರ್ಜಿ ಯುಜಿಸಿ ಪೋರ್ಟಲ್‌ನಲ್ಲಿ. ಮಾತೃ ವಿಶ್ವವಿದ್ಯಾಲಯ, ಅಂದರೆ ಕಾಲೇಜು ಸಂಯೋಜನೆಗೊಂಡಿರುವ ವಿಶ್ವವಿದ್ಯಾಲಯ, 30 ದಿನದೊಳಗೆ ಪರಿಶೀಲಿಸಬೇಕು. ಹಿಂದಿದ್ದ ತಜ್ಞರ ಸ್ಥಳ ಭೇಟಿ ಈಗಿಲ್ಲ, ಸ್ಥಾಯಿ ಸಮಿತಿ ದಾಖಲೆ ನೋಡಿ ನಿರ್ಧರಿಸುತ್ತದೆ. ಮೊದಲ ಬಾರಿಗೆ ಹತ್ತು ವರ್ಷ, ವಿಸ್ತರಣೆ ಐದು ವರ್ಷಕ್ಕೆ. ಪದವಿ ಕೊಡುವುದು ವಿಶ್ವವಿದ್ಯಾಲಯವೇ, ಪ್ರಮಾಣಪತ್ರದಲ್ಲಿ ಕಾಲೇಜಿನ ಹೆಸರಿರುತ್ತದೆ. ಬಿ ಅಥವಾ ಬಿ+ ಇರುವ ಕಾಲೇಜಿಗೆ ಈ ಬಾಗಿಲು ಸದ್ಯಕ್ಕೆ ಮುಚ್ಚಿದೆ ಎಂಬುದು ಇದರಿಂದಲೇ ಸ್ಪಷ್ಟ.

ಬಾಗಿಲು ತೆರೆದಿರುವವರು ಪರೀಕ್ಷಾ ವಿಭಾಗದ ಲೆಕ್ಕ ಹಾಕಲಿ. 1,200 ವಿದ್ಯಾರ್ಥಿಗಳು, ಸೆಮಿಸ್ಟರ್‌ಗೆ ತಲಾ ಆರು ಪತ್ರಿಕೆ ಎಂದರೆ ವರ್ಷಕ್ಕೆ 14,400 ಉತ್ತರಪತ್ರಿಕೆ. ಒಬ್ಬರು ದಿನಕ್ಕೆ 40 ನೋಡಿದರೆ 360 ಮಾನವದಿನ, ಅಂದರೆ ಒಂದು ಸೆಮಿಸ್ಟರ್‌ಗೆ 180. ಹನ್ನೆರಡು ಮೌಲ್ಯಮಾಪಕರು ಹದಿನೈದು ದಿನ ಬೇರೇನೂ ಮಾಡದೆ ಕೂರಬೇಕು. ಅವರಲ್ಲಿ ಹೊರಗಿನವರೂ ಇರಬೇಕು. ಅವರ ಸಂಭಾವನೆ, ಪ್ರಯಾಣ, ಊಟ ಬೇರೆ. ಪ್ರತಿ ಪತ್ರಿಕೆಗೆ ಎರಡು ಸೆಟ್ ಪ್ರಶ್ನೆ, ಒಂದು ಪರಾಮರ್ಶೆ, ಗೋಪ್ಯ ಮುದ್ರಣ, ಉತ್ತರಪತ್ರಿಕೆಗೆ ಗುಪ್ತ ಸಂಖ್ಯೆ ಹಾಕಿ ಆಮೇಲೆ ಬಿಡಿಸುವ ಕೋಡಿಂಗ್, ಡಿಕೋಡಿಂಗ್, ಅಂಕಪಟ್ಟಿ, ಬ್ಯಾಕ್‌ಲಾಗ್ ಪರೀಕ್ಷೆ, ಮರುಮೌಲ್ಯಮಾಪನ. ಪರೀಕ್ಷಾ ನಿಯಂತ್ರಕರು ಪೂರ್ತಿ ಸಮಯ ಅದಕ್ಕೇ ಮೀಸಲಾಗಬೇಕು, ಜೊತೆಗೆ ಕಂಪ್ಯೂಟರ್ ಬಲ್ಲ ಇಬ್ಬರಾದರೂ ಸಿಬ್ಬಂದಿ. ಇದನ್ನು ಒಬ್ಬ ಹಿರಿಯ ಉಪನ್ಯಾಸಕರ ಹೆಚ್ಚುವರಿ ಪ್ರಭಾರಕ್ಕೆ ಬಿಟ್ಟ ಕಡೆ ಫಲಿತಾಂಶ ವಿಶ್ವವಿದ್ಯಾಲಯದ್ದಕ್ಕಿಂತಲೂ ತಡವಾಗುತ್ತದೆ.

ಆಡಳಿತ ಮಂಡಳಿ, ವಿದ್ಯಾವಿಷಯಕ ಪರಿಷತ್ತು, ಅಧ್ಯಯನ ಮಂಡಳಿ, ಹಣಕಾಸು ಸಮಿತಿ, ಈ ನಾಲ್ಕೂ ಕಡ್ಡಾಯ. ಕಷ್ಟ ಬರುವುದು ಅಧ್ಯಯನ ಮಂಡಳಿಯಲ್ಲಿ. ಪ್ರತಿ ವಿಷಯಕ್ಕೂ ಹೊರಗಿನ ತಜ್ಞರು, ಕುಲಪತಿಗಳ ನಾಮನಿರ್ದೇಶಿತರು, ಉದ್ಯಮದ ಪ್ರತಿನಿಧಿ ಬೇಕು. ಹನ್ನೆರಡು ವಿಷಯಕ್ಕೆ ಹನ್ನೆರಡು ಮಂಡಳಿ. ವಿಭಾಗದಲ್ಲಿ ಒಬ್ಬರೇ ಉಪನ್ಯಾಸಕರಿದ್ದರೆ ಪಠ್ಯ ಬರೆಯುವವರು, ಪಾಠ ಮಾಡುವವರು, ಪ್ರಶ್ನೆ ತೆಗೆಯುವವರು, ಅಂಕ ಹಾಕುವವರು ಎಲ್ಲ ಅವರೇ. ಆಗ ಫಲಿತಾಂಶ 95% ಬಂದರೂ ಅದರ ಮೇಲೆ ಯಾರಿಗೂ ನಂಬಿಕೆ ಹುಟ್ಟುವುದಿಲ್ಲ; ಬೇರೆಡೆ ಎಂಎಸ್ಸಿ ಪ್ರವೇಶ ಪರೀಕ್ಷೆ ಬರೆಯಲು ಹೋದ ವಿದ್ಯಾರ್ಥಿಗೇ ಅದರ ಪೆಟ್ಟು.

ಪಠ್ಯ ಬದಲಾವಣೆಯ ಹೊಡೆತವನ್ನೂ ಎಣಿಸಿ. ರಾಜ್ಯದಲ್ಲಿ 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿಯ ಚೌಕಟ್ಟು ಬಂತು. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ನಂತರ 2024–25ರಿಂದ ಮತ್ತೆ ಮೂರು ವರ್ಷದ ಪದವಿ. ಸಂಯೋಜಿತ ಕಾಲೇಜಿಗೆ ವಿಶ್ವವಿದ್ಯಾಲಯ ಬರೆದು ಕೊಡುತ್ತದೆ. ಸ್ವಾಯತ್ತ ಕಾಲೇಜು ಎಲ್ಲ ವಿಷಯಗಳ ಪಠ್ಯವನ್ನೂ ತಾನೇ ಮತ್ತೆ ಬರೆದು, ಹಳೆಯ ಬ್ಯಾಚಿನ ಬ್ಯಾಕ್‌ಲಾಗ್ ಪರೀಕ್ಷೆಗಳನ್ನೂ ಪಕ್ಕದಲ್ಲೇ ನಡೆಸಬೇಕು.

ನಮ್ಮ ಅಭಿಪ್ರಾಯ ಹೀಗಿದೆ: ಪ್ರತಿ ವಿಭಾಗದಲ್ಲಿ ಕನಿಷ್ಠ ಇಬ್ಬರು ಕಾಯಂ ಉಪನ್ಯಾಸಕರು ಮತ್ತು 1,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ಇಲ್ಲದ ಕಾಲೇಜು ಎ ಗ್ರೇಡ್ ಬಂದಿದ್ದರೂ ಸ್ವಾಯತ್ತತೆಗೆ ಅವಸರಿಸಬಾರದು. ಇವೆರಡೂ ಇದ್ದಲ್ಲಿ ಹಿಂಜರಿಯಲೂಬಾರದು. ಕಲಬುರಗಿ, ಬಳ್ಳಾರಿಯಂಥ ನಗರದ ದೊಡ್ಡ ಕಾಲೇಜುಗಳು ಸಿಮೆಂಟ್, ಉಕ್ಕು, ತೊಗರಿ, ಭತ್ತ, ನೀರಾವರಿಯ ಲೋಕವನ್ನು ಪಠ್ಯದೊಳಗೆ ತರಬಲ್ಲವು. ತೊಗರಿಯ ಬೆಲೆ ಹೇಗೆ ನಿರ್ಧಾರವಾಗುತ್ತದೆ ಎಂದು ಕಲಿಸದ ಬಿಕಾಂ ಕಲಬುರಗಿಯಲ್ಲಿ ಅರ್ಧ ಬಿಕಾಂ.

ಎನ್‌ಬಿಎ ಮತ್ತು ಎನ್‌ಐಆರ್‌ಎಫ್

ಎನ್‌ಬಿಎ ಅಳೆಯುವುದು ಸಂಸ್ಥೆಯನ್ನಲ್ಲ, ಒಂದೊಂದು ಕೋರ್ಸನ್ನು: ಎಂಜಿನಿಯರಿಂಗ್, ಫಾರ್ಮಸಿ, ಮ್ಯಾನೇಜ್‌ಮೆಂಟ್, ಎಂಸಿಎ ಇತ್ಯಾದಿ. ಭಾರತ 2014ರಲ್ಲಿ, ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯನಾಯಿತು. ಅದರ ಲಾಭ ಸ್ವಾಯತ್ತ ಸಂಸ್ಥೆಗಳಿಗಿರುವ ಟೈರ್ 1 ಮಾನ್ಯತೆಗೆ, ಸಂಯೋಜಿತ ಕಾಲೇಜುಗಳ ಟೈರ್ 2ಕ್ಕಲ್ಲ. ವಿದೇಶದ ಕನಸು ತೋರಿಸಿ ಪ್ರವೇಶ ಪಡೆಯುವ ಮೊದಲು ಇದನ್ನು ವಿದ್ಯಾರ್ಥಿಗಳಿಗೆ ತಿಳಿಸಬೇಕು. ಬಿಎ, ಬಿಎಸ್ಸಿ, ಬಿಕಾಂ ಕಾಲೇಜಿಗೆ ಎನ್‌ಬಿಎ ಸಂಬಂಧವಿಲ್ಲ. 2024–25ರಿಂದ ಬಿಬಿಎ, ಬಿಸಿಎ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಪರಿಷತ್ತಾದ ಎಐಸಿಟಿಇ ಅನುಮೋದನೆಯ ವ್ಯಾಪ್ತಿಗೆ ಬಂದಿವೆ. ಅನುಮೋದನೆ ಬೇರೆ, ಎನ್‌ಬಿಎ ಮಾನ್ಯತೆ ಬೇರೆ, ಎರಡನ್ನೂ ಒಂದೆಂದು ತಿಳಿದವರು ಬಹಳ. ಎನ್‌ಬಿಎ ಪದ್ಧತಿಯಿಂದ ಎಲ್ಲರೂ ಎರವಲು ಪಡೆಯಬಹುದಾದ ಒಂದು ಒಳ್ಳೆಯ ಅಭ್ಯಾಸವಿದೆ. ಪ್ರತಿ ಪ್ರಶ್ನೆಯೂ ಯಾವ ಕಲಿಕೆಯನ್ನು ಪರೀಕ್ಷಿಸುತ್ತದೆ ಎಂದು ಪಕ್ಕದಲ್ಲಿ ಬರೆಯುವುದು. ಆಂತರಿಕ ಪರೀಕ್ಷೆಯಲ್ಲಿ ಇದನ್ನು ಒಂದು ಸೆಮಿಸ್ಟರ್ ಮಾಡಿದರೆ ಸಾಕು, ಬರೀ ನೆನಪಿನ ಪ್ರಶ್ನೆ ಎಷ್ಟು, ಯೋಚಿಸಬೇಕಾದ ಪ್ರಶ್ನೆ ಎಷ್ಟು ಎಂದು ಕಣ್ಣಿಗೆ ರಾಚುತ್ತದೆ.

ಕೇಂದ್ರ ಶಿಕ್ಷಣ ಸಚಿವಾಲಯದ ಎನ್‌ಐಆರ್‌ಎಫ್ ಶ್ರೇಯಾಂಕ ತಾಲ್ಲೂಕು ಕಾಲೇಜಿಗೆ ಈಗ ಬೇಡ. ಅದರಲ್ಲಿ ಸಂಶೋಧನೆ ಮತ್ತು ಜನಾಭಿಪ್ರಾಯಕ್ಕೂ ಅಂಕವಿದೆ. ಎರಡೂ ದೊಡ್ಡ ಊರಿನ ಹಳೆಯ ಹೆಸರುಗಳ ಕಡೆ ವಾಲುತ್ತವೆ.

ಕೂಡಿ ನಡೆಯುವ ದಾರಿ

ಇದಕ್ಕೆ ಎರಡು ರೂಪ. ಕಾನೂನಿನ ಮೂಲಕ ಹಲವು ಕಾಲೇಜುಗಳನ್ನು ಸೇರಿಸಿ ಕ್ಲಸ್ಟರ್ ವಿಶ್ವವಿದ್ಯಾಲಯ ಮಾಡುವುದು ಒಂದು. ಬೆಂಗಳೂರಿನ ಮಹಾರಾಣಿ ಕ್ಲಸ್ಟರ್ ವಿಶ್ವವಿದ್ಯಾಲಯ ಹಾಗೆ ಬಂದದ್ದು. ಉನ್ನತ ಶಿಕ್ಷಣಕ್ಕಿದ್ದ ಕೇಂದ್ರದ ರೂಸಾ ಯೋಜನೆಯಲ್ಲಿ ಇಂಥ ಒಂದು ಕ್ಲಸ್ಟರ್‌ಗೆ 55 ಕೋಟಿ ರೂ. ನಿಗದಿಯಾಗಿತ್ತು. ನಗರದೊಳಗೆ ಕಾಲೇಜುಗಳು ಹತ್ತಿರ ಹತ್ತಿರ ಇರುವಲ್ಲಿ ಇದು ನಡೆಯುತ್ತದೆ. ಕಲಬುರಗಿಯಿಂದ ಸೇಡಂಗೆ 50 ಕಿ.ಮೀ.ಗೂ ಹೆಚ್ಚು, ಬೆಳಗ್ಗೆ ಅಲ್ಲಿ ಭೌತಶಾಸ್ತ್ರ, ಮಧ್ಯಾಹ್ನ ಇಲ್ಲಿ ಅರ್ಥಶಾಸ್ತ್ರ ಎಂದರೆ ವಿದ್ಯಾರ್ಥಿಗೆ ಆಗುವ ಮಾತಲ್ಲ.

ಇನ್ನೊಂದು ರೂಪ ಸಡಿಲವಾದ ಕೂಟ. 30–40 ಕಿ.ಮೀ. ಒಳಗಿನ ನಾಲ್ಕೈದು ಕಾಲೇಜುಗಳು ಒಡಂಬಡಿಕೆ ಮಾಡಿಕೊಂಡು, ವಿದ್ಯಾರ್ಥಿಗಳ ಬದಲು ಉಪನ್ಯಾಸಕರು ಓಡಾಡುವುದು. ನಮ್ಮ ದೃಷ್ಟಿಯಲ್ಲಿ ಈ ಪ್ರದೇಶದ ಬಹುಪಾಲು ಕಾಲೇಜುಗಳಿಗೆ ಮೊದಲ ಹೆಜ್ಜೆ ಇದೇ ಆಗಬೇಕು, ಏಕೆಂದರೆ ಪಾಠದ ಗಂಟೆಯನ್ನು ನೇರವಾಗಿ ಹೆಚ್ಚಿಸುವುದು ನಾಲ್ಕರಲ್ಲಿ ಇದೊಂದೇ.

ನಡೆಸುವ ಬಗೆ: ಕಾರ್ಯಭಾರದ ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಕಾಲೇಜಿನ ಕೊರತೆ ಇನ್ನೊಂದರ ಮಿಗತೆಗೆ ಹೊಂದುವುದು ಕಾಣುತ್ತದೆ. ಒಂದೆಡೆ ಪ್ರಾಣಿಶಾಸ್ತ್ರಕ್ಕೆ 16ರ ಬದಲು 9 ಗಂಟೆ ಇರುವವರು, ಪಕ್ಕದ ಊರಲ್ಲಿ ಅದೇ ವಿಷಯಕ್ಕೆ ಯಾರೂ ಇಲ್ಲ. ಅವರ ತರಗತಿಗಳನ್ನು ವಾರದ ನಾಲ್ಕು ದಿನಕ್ಕೆ ಒತ್ತಿ, ಎರಡು ದಿನ ಪಕ್ಕದ ಕಾಲೇಜಿಗೆ ಕಳಿಸಿ. ಅಲ್ಲಿ ದಿನಕ್ಕೆ ಮೂರರಂತೆ ವಾರಕ್ಕೆ ಆರು ಗಂಟೆ ಪಾಠ ಸಿಗುತ್ತದೆ. ವೇಳಾಪಟ್ಟಿ ಬಸ್ಸಿಗೆ ಹೊಂದಬೇಕು: ಹಳ್ಳಿಯಿಂದ ಬರುವವರು ಬೆಳಗಿನ ಎರಡನೇ ಗಂಟೆಗೆ ತಲುಪುತ್ತಾರೆ, ಕೊನೆಯ ಗಂಟೆಗೆ ಮೊದಲೇ ಹೊರಡುತ್ತಾರೆ. ಹಂಚಿಕೆಯ ತರಗತಿಗಳನ್ನು ನಡುವಿನ ಗಂಟೆಗಳಲ್ಲಿಡಿ.

ಕೆಡುವುದು ಎರಡು ಕಡೆ. ಪ್ರಯಾಣ ಭತ್ಯೆ ಬರದಿದ್ದರೆ ಎರಡನೇ ತಿಂಗಳಿಗೆ ಓಡಾಟ ನಿಲ್ಲುತ್ತದೆ. ಆ ಉಪನ್ಯಾಸಕರ ಹಾಜರಿ ಯಾರ ಪುಸ್ತಕದಲ್ಲಿ ಎಂಬುದು ಬರಹದಲ್ಲಿ ಇಲ್ಲದಿದ್ದರೆ ಬಯೋಮೆಟ್ರಿಕ್ ಅವರನ್ನು ಗೈರುಹಾಜರಿ ಎಂದು ತೋರಿಸುತ್ತದೆ. ಸರ್ಕಾರಿ ಕಾಲೇಜುಗಳಾದರೆ ಕಾಲೇಜು ಶಿಕ್ಷಣ ಇಲಾಖೆಯ ಜಂಟಿ ನಿರ್ದೇಶಕರ ಕಚೇರಿಯಿಂದ ನಿಯೋಜನೆ ಆದೇಶ ಪಡೆದೇ ಆರಂಭಿಸಿ. ಬಾಯಿಮಾತಿನ ಒಪ್ಪಂದ ಪ್ರಾಂಶುಪಾಲರ ವರ್ಗಾವಣೆಯೊಂದಿಗೆ ಮುಗಿಯುತ್ತದೆ.

ಇದರ ಜೊತೆಗೆ ಪ್ರಶ್ನೆಬ್ಯಾಂಕ್. ಪ್ರತಿ ಘಟಕಕ್ಕೆ 20 ಪ್ರಶ್ನೆ, ಐದು ಘಟಕಕ್ಕೆ 100, ಐವರು ಉಪನ್ಯಾಸಕರಿಗೆ ತಲಾ 20. ಆಂತರಿಕ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಹತ್ತಕ್ಕೊಂದನ್ನು ಪಕ್ಕದ ಕಾಲೇಜಿನವರು ಮತ್ತೆ ನೋಡಲಿ. ಎಲ್ಲರಿಗೂ 20ಕ್ಕೆ 19 ಕೊಡುವ ರೂಢಿ ಇದರಿಂದ ತಾನಾಗಿ ಸಡಿಲಗೊಳ್ಳುತ್ತದೆ. ಗ್ರಂಥಾಲಯಕ್ಕೆ ಯುಜಿಸಿಯ ಕೇಂದ್ರವಾದ ಇನ್‌ಫ್ಲಿಬ್‌ನೆಟ್‌ನ ಎನ್-ಲಿಸ್ಟ್ ಎಂಬ ಆನ್‌ಲೈನ್ ಸೌಲಭ್ಯ ಇದೆ: ಯುಜಿಸಿ ಕಾಯ್ದೆಯ 2(ಎಫ್), 12(ಬಿ) ಮಾನ್ಯತೆಯ ಅನುದಾನಿತ ಕಾಲೇಜಿಗೆ ಜಿಎಸ್‌ಟಿ ಸೇರಿ ವರ್ಷಕ್ಕೆ 5,900 ರೂ.; ಎರಡು ಪುಸ್ತಕದ ಬೆಲೆಯಲ್ಲಿ ಸಾವಿರಾರು ನಿಯತಕಾಲಿಕೆ, ಲಕ್ಷಕ್ಕೂ ಮೀರಿದ ಇ–ಪುಸ್ತಕ. ಶುಲ್ಕ ಕಟ್ಟಿ ಪಾಸ್‌ವರ್ಡ್ ಹಂಚದೆ ಇಡುವುದು ಇಲ್ಲಿನ ಸಾಮಾನ್ಯ ಲೋಪ. 'ಸ್ವಯಂ' ಎಂಬ ಕೇಂದ್ರದ ಆನ್‌ಲೈನ್ ಕಲಿಕಾ ವೇದಿಕೆಯ ಕೋರ್ಸುಗಳಿಂದ 40%ವರೆಗೆ ಕ್ರೆಡಿಟ್ ಪಡೆಯಲು ಯುಜಿಸಿಯ 2021ರ ನಿಯಮ ಅವಕಾಶ ಕೊಡುತ್ತದೆ. ಶಿಕ್ಷಕರಿಲ್ಲದ ಐಚ್ಛಿಕ ವಿಷಯಕ್ಕೆ ಇದು ಆಸರೆ. ಇಂಗ್ಲಿಷಿನ ವಿಡಿಯೊವನ್ನು ವಾರಕ್ಕೊಮ್ಮೆ ಕನ್ನಡದಲ್ಲಿ ಬಿಡಿಸಿ ಹೇಳುವ ಒಬ್ಬರಿದ್ದರೆ ಮಾತ್ರ.

ಮಾರ್ಗದರ್ಶಿ ಕಾಲೇಜಿನ ನೆರವೂ ಈ ದಾರಿಯದೇ. ಯುಜಿಸಿ 2019ರಲ್ಲಿ ಆರಂಭಿಸಿದ ಪರಾಮರ್ಶ್ ಯೋಜನೆಯಲ್ಲಿ ನ್ಯಾಕ್‌ನಲ್ಲಿ 3.26 ಅಥವಾ ಅದಕ್ಕೂ ಮೇಲಿರುವ ಸಂಸ್ಥೆ ಕನಿಷ್ಠ ಐದು ಕಾಲೇಜುಗಳಿಗೆ ಮಾರ್ಗದರ್ಶನ ಮಾಡುತ್ತಿತ್ತು, ನೆರವು 30 ಲಕ್ಷದವರೆಗೆ. ಅದೇ ಮಾದರಿಯನ್ನು ಅನುದಾನವಿಲ್ಲದೆಯೂ ನಡೆಸಬಹುದು. ಬೆಂಗಳೂರಿನ ಪ್ರಸಿದ್ಧ ಕಾಲೇಜಿಗಿಂತ ಅದೇ ಜಿಲ್ಲೆಯ ಬಿ++ ಕಾಲೇಜು ಉತ್ತಮ ಮಾರ್ಗದರ್ಶಿ, ಏಕೆಂದರೆ ಅದು ದಾಟಿದ ಅಡ್ಡಿಗಳೇ ನಿಮ್ಮ ಮುಂದಿರುವವು.

ಯಾರಿಗೆ ಯಾವುದು

300ಕ್ಕಿಂತ ಕಡಿಮೆ ವಿದ್ಯಾರ್ಥಿಗಳು, ಮೂರ್ನಾಲ್ಕು ಕಾಯಂ ಉಪನ್ಯಾಸಕರು ಇರುವ ಕಾಲೇಜು: ಎರಡು ವರ್ಷ ಕೂಟದಲ್ಲಿ ದುಡಿದು, ದಾಖಲೆ ಇಡುತ್ತಾ, ಮೂರನೇ ವರ್ಷ ನ್ಯಾಕ್. 500ರಿಂದ 1,000 ವಿದ್ಯಾರ್ಥಿಗಳು, ಈಗಾಗಲೇ ಬಿ ಗ್ರೇಡ್: ಕೂಟ ಮತ್ತು ಎರಡನೇ ಮಾನದಂಡಕ್ಕೆ ಪೂರ್ತಿ ಗಮನ, ಕಟ್ಟಡಕ್ಕೆ ತಡೆ, ಗುರಿ ಬಿ++. ನಗರದ ದೊಡ್ಡ ಅನುದಾನಿತ ಕಾಲೇಜು, ಎ ಗ್ರೇಡ್: ಮೊದಲು ಪರೀಕ್ಷಾ ವಿಭಾಗ ಕಟ್ಟಿ, ಆಮೇಲೆ ಸ್ವಾಯತ್ತತೆ, ಜೊತೆಗೆ ಸುತ್ತಲಿನ ಐದು ಕಾಲೇಜುಗಳ ಹೊಣೆ. ಮಾತೃ ವಿಶ್ವವಿದ್ಯಾಲಯ ಯಾವುದಾಗಿ ಉಳಿಯುತ್ತದೆ ಎಂಬುದನ್ನೂ ವಿಚಾರಿಸಿ. 2023ರಲ್ಲಿ ಬೀದರ್, ಕೊಪ್ಪಳ ಸೇರಿದಂತೆ ಹೊಸ ವಿಶ್ವವಿದ್ಯಾಲಯಗಳು ಬಂದವು. 2025ರಲ್ಲಿ ಅವುಗಳಲ್ಲಿ ಹಲವನ್ನು ಹಳೆಯ ವಿಶ್ವವಿದ್ಯಾಲಯಗಳಲ್ಲಿ ವಿಲೀನಗೊಳಿಸುವ ವಿಚಾರ ಸಂಪುಟ ಉಪಸಮಿತಿಯಿಂದಲೇ ಬಂತು. ಅರ್ಜಿಯ ನಡುವೆ ಮಾತೃ ವಿಶ್ವವಿದ್ಯಾಲಯ ಬದಲಾದರೆ ನಾಮನಿರ್ದೇಶನ, ಅಂಕಪಟ್ಟಿ, ಬ್ಯಾಕ್‌ಲಾಗ್ ಮೂರೂ ಸಿಕ್ಕಿಹಾಕಿಕೊಳ್ಳುತ್ತವೆ.

ಇನ್ನು ಪ್ರದೇಶದ ಹಣ. ರೂಸಾದ ಮುಂದುವರಿಕೆಯಾದ ಪಿಎಂ ಉಷಾ ಯೋಜನೆಯಲ್ಲಿ ಒಂದು ಕಾಲೇಜಿನ ಬಲವರ್ಧನೆಗೆ 5 ಕೋಟಿ ನಿಗದಿಯಾಗಿತ್ತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023–24ರ ಬಜೆಟ್‌ನಲ್ಲಿ ಘೋಷಣೆಯಾದದ್ದು 5,000 ಕೋಟಿ. ಇಷ್ಟರ ನಡುವೆ ಕೂಟದ ಖರ್ಚನ್ನು ಲೆಕ್ಕ ಹಾಕಿ. ಒಬ್ಬ ಉಪನ್ಯಾಸಕರು ವಾರಕ್ಕೆ ಎರಡು ದಿನದಂತೆ 30 ವಾರ ಹೋದರೆ 60 ಓಡಾಟ. ದಿನಕ್ಕೆ 500 ರೂ. ಭತ್ಯೆ ಎಂದಿಟ್ಟುಕೊಂಡರೂ 30,000. ಹತ್ತು ವಿಷಯಗಳಿಗೆ 3 ಲಕ್ಷ. ಪ್ರತಿ ವಿಷಯಕ್ಕೆ ವಾರಕ್ಕೆ ಆರು ಗಂಟೆಯಂತೆ ಸಿಗುವುದು ವರ್ಷಕ್ಕೆ 1,800 ಗಂಟೆ ಪಾಠ. ಕಾಮಗಾರಿ ಪಟ್ಟಿಯಲ್ಲಿ ಕಟ್ಟಡ ಸುಲಭವಾಗಿ ಸೇರುತ್ತದೆ, ಭತ್ಯೆ ಸೇರುವುದಿಲ್ಲ. ಆದ್ದರಿಂದ ಪ್ರಸ್ತಾವನೆಯನ್ನು ಒಂದೊಂದು ಕಾಲೇಜು ಬೇರೆ ಬೇರೆ ಬರೆಯದೆ, ಕೂಟದ ಎಲ್ಲ ಪ್ರಾಂಶುಪಾಲರ ಸಹಿಯೊಂದಿಗೆ, ಕಾರ್ಯಭಾರದ ಹಾಳೆ ಲಗತ್ತಿಸಿ, ವರ್ಷದ ಕ್ರಿಯಾಯೋಜನೆ ರೂಪುಗೊಳ್ಳುವ ಮೊದಲೇ ಜಂಟಿ ನಿರ್ದೇಶಕರ ಮೂಲಕ ಮಂಡಳಿಗೆ ಕಳಿಸಬೇಕು.